ಕೊಳವೆಗೆ ಮೊದಲು ಮಣ್ಣನ್ನು ಕೇಳಬೇಕು

ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ದಿನವೂ ತಾನ್ಸಾ ಕೆರೆಯ ದೊಡ್ಡ ಕೊಳವೆಗಳ ಬದಿಯಿಂದ ನಡೆದು ತರಗತಿಗೆ ಬರುತ್ತಾರೆ. ಆಳೆತ್ತರದ ಆ ಕೊಳವೆಗಳು ಮುಲುಂಡ, ಭಾಂಡುಪಗಳ ಕಡೆಯಿಂದ ಊರೊಳಕ್ಕೆ ಸಾಗಿಬರುವುದನ್ನು ಉಪನಗರಗಳಲ್ಲಿ ಕಾಣದವರು ವಿರಳ. ಮುಂಬಯಿಗೆ ವಿಹಾರ ಕೆರೆಯ ನೀರು ದೊರೆತದ್ದು 1860ರಲ್ಲಿ. ತಾನ್ಸಾದ ನೀರು 1892ರಲ್ಲಿ. ಅಲ್ಲಿಂದ ಮುಂದೆ ವೈತರಣಾ, ಭಾತ್ಸಾ ನದಿಗಳೂ ಈ ಮಹಾನಗರದ ಬಾಯಾರಿಕೆಗೆ ಒದಗಿದವು. ಆ ಜಲಾಶಯಗಳ ಮಗ್ಗುಲಲ್ಲಿಯೇ ಇರುವ ಶಹಾಪುರ ತಾಲ್ಲೂಕಿನ ಹಳ್ಳಿಗಳ ಹೆಂಗಸರು ಬೇಸಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತ ನಿಲ್ಲುವುದು ಬೇರೊಂದು ಲೇಖನಕ್ಕೆ ತಕ್ಕ ವಿಷಯ; ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ. ನಾವು ಹೇಳಹೊರಟ ಮಾತು ಇಷ್ಟೆ: ನಗರದ ಈ ಕೊಳವೆ ಕಣ್ಣಿಗೆ ಕಾಣುತ್ತದೆ. ತುಕ್ಕು ಹಿಡಿದರೆ, ಕೀಲು ಸೋರಿದರೆ, ದಾರಿಹೋಕನೂ ಬೆರಳು ಮಾಡಿ ತೋರಿಸಬಹುದು. ಹಳ್ಳಿಯ ಕೊಳವೆ ಹಾಗಲ್ಲ. ಅದು ಒಂದು ದಿನ ಮಣ್ಣಿನೊಳಕ್ಕೆ ಇಳಿದರೆ ಮುಗಿಯಿತು. ಮೇಲೆ ಮಣ್ಣು ಮುಚ್ಚಿದೊಡನೆ ಅದರ ಯೋಗಕ್ಷೇಮವನ್ನು ವಿಚಾರಿಸುವವರೇ ಇರುವುದಿಲ್ಲ. ಅದು ಮಲಗಿದ ಹಾಸಿಗೆ ಎಂಥದು, ಅಕ್ಕಪಕ್ಕದ ಮಣ್ಣಿನ ಸ್ವಭಾವವೇನು ಎಂಬುದನ್ನು ಮುಚ್ಚುವ ಮುನ್ನವಾದರೂ ಯಾರಾದರೂ ಕೇಳಿದರೆ? ಬಹು ಕಡೆ ಕೇಳುವುದಿಲ್ಲವೆಂಬುದೇ ನಮ್ಮ ಅಸಮಾಧಾನ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಥೆ, ಕವಿತೆ, ಪ್ರವಾಸದ ವರ್ಣನೆಗಳ ನಡುವೆ ಇದೆಲ್ಲಿಯ ಮಣ್ಣಿನ ಮಾತು ಎಂದು ಕೆಲವು ವಾಚಕರು ಅಚ್ಚರಿಪಡಬಹುದು. ಅದಕ್ಕೆ ಕಾರಣವಿದೆ. ಕಳೆದ ಬೇಸಗೆಯ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಒಬ್ಬ ವಿದ್ಯಾರ್ಥಿಯ ಮನೆಯ ಮದುವೆಗೆಂದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಅಂಥ ಊರುಗಳು ಹಲವಿವೆ. ಪ್ರತಿ ಮನೆಯ ಮುಂದೆಯೂ ಸಿಮೆಂಟಿನ ಗಿಡ್ಡ ಕಂಬ, ಅದಕ್ಕೊಂದು ನಳ. ಕೃಷ್ಣಾ ನದಿಯ ನೀರನ್ನು ಹಲವು ಹಳ್ಳಿಗಳಿಗೆ ಒಟ್ಟಾಗಿ ಹಂಚುವ ಬಹುಗ್ರಾಮ ಯೋಜನೆಯದು. ನಾವಿದ್ದ ನಾಲ್ಕು ದಿನಗಳಲ್ಲಿ ನಳ ಒಮ್ಮೆಯೂ ನೀರು ಕೊಡಲಿಲ್ಲ. ಮದುವೆಯ ಮನೆಗೆ ಟ್ರ್ಯಾಕ್ಟರಿನ ಟ್ಯಾಂಕಿಯಲ್ಲಿ ನೀರು ತರಿಸಿದರು. ಏಕೆಂದು ವಿಚಾರಿಸಿದಾಗ, ಊರ ಹೊರಗೆ ಎರಡು ಹೊಲಗಳ ನಡುವೆ ಕೊಳವೆ ಮುರಿದಿದೆಯೆಂದೂ, ಅದು ಮುರಿಯುತ್ತಿರುವುದು ಮೂರನೆಯ ಸಲವೆಂದೂ, ಮೂರು ಸಲವೂ ಹತ್ತು ಮಾರಿನೊಳಗಿನ ಅದೇ ಜಾಗವೆಂದೂ ತಿಳಿಯಿತು.

ಕುತೂಹಲದಿಂದ ಹೋಗಿ ನೋಡಿದೆವು. ಅಗೆದ ಗುಂಡಿಯ ಒಂದು ಮಗ್ಗುಲಿಗೆ ಕಾಡಿಗೆಯಂಥ ಎರೆ. ಅದರಲ್ಲಿ ಅಂಗೈಯನ್ನು ನಿಲ್ಲಿಸಿ ತೂರಿಸಬಹುದಾದಷ್ಟು ಅಗಲದ ಬಿರುಕುಗಳು. ಇನ್ನೊಂದು ಮಗ್ಗುಲಿಗೆ ಕೆಂಪು ಬಣ್ಣದ ಮಸಾರಿ. ಅದರಲ್ಲಿ ಬಿರುಕಿನ ಗುರುತೂ ಇಲ್ಲ. ನಮ್ಮ ವಿದ್ಯಾರ್ಥಿಯ ಅಜ್ಜ ಬದುವಿನ ಮೇಲೆ ಕುಳಿತಿದ್ದವರು ನಮ್ಮ ಮುಖ ನೋಡಿ ನಕ್ಕು ಹೇಳಿದರು: “ಈ ಬದುವಿನ ತನಕ ಎರಿ ಐತ್ರಿ ಮಾಸ್ತರ. ಬದು ದಾಟಿದ್ರ ಮಸಾರಿ. ಮಳಿ ಬಂತಂದ್ರ ಎರಿ ಏಳತೈತಿ, ಮಸಾರಿ ಏಳೂದಿಲ್ಲ. ನಡುವ ಪೈಪ ಮುರೀದ ಏನ ಮಾಡೀತು? ಹಾಕೂ ಮುಂದ ನಮ್ಮನ್ನ ಕೇಳಿದ್ರ ಹೇಳತಿದ್ವಿ. ಯಾರ ಕೇಳ್ಯಾರ?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂಬಯಿಗೆ ಮರಳಿದ ಮೇಲೆ, ಇದೇ ಶಾಲೆಯಲ್ಲಿ ಓದಿ ಈಗ ಸಿವಿಲ್ ಎಂಜಿನಿಯರ್ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿಕೊಂಡು ಎರಡು ಸಂಜೆ ಅವರಿಂದ ಪಾಠ ಹೇಳಿಸಿಕೊಂಡೆವು. ಕೆಳಗೆ ಬರೆದಿರುವ ಶಾಸ್ತ್ರದ ಸಂಗತಿಗಳೆಲ್ಲ ಆ ಪಾಠದಿಂದಲೂ ಅನಂತರದ ಓದಿನಿಂದಲೂ ಬಂದವು. ಅಭಿಪ್ರಾಯ ಮಾತ್ರ ನಮ್ಮದು.

ಎರೆಮಣ್ಣು ದಖ್ಖನ್ನಿನ ಕರಿಕಲ್ಲು ಯುಗಯುಗಾಂತರಗಳಲ್ಲಿ ಶಿಥಿಲವಾಗಿ ಆದ ಮಣ್ಣು. ಅದರಲ್ಲಿರುವ ಅತಿಸೂಕ್ಷ್ಮವಾದ ಜೇಡಿಯ ಕಣಗಳು ಹಾಳೆಯ ಮೇಲೆ ಹಾಳೆ ಇಟ್ಟಂತೆ ಇರುತ್ತವೆ. ನೀರು ಆ ಹಾಳೆಗಳ ನಡುವೆ ಹೊಕ್ಕು ಅವನ್ನು ಅಗಲಿಸುತ್ತದೆ. ಆಗ ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ಈ ಮಣ್ಣಿನಷ್ಟು ಹಿತವಾದದ್ದು ಬೇರೆಯಿಲ್ಲ. ಮಳೆ ನಿಂತ ಮೇಲೂ ಒಡಲಲ್ಲಿ ತೇವವನ್ನು ಕಾಪಾಡಿಕೊಂಡು ಬೆಳೆಯನ್ನು ದಡ ಮುಟ್ಟಿಸುತ್ತದೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋದವರು ಬಲ್ಲರು, ಆ ಹೊತ್ತಿಗೆ ಸಣ್ಣ ಗೆರೆಗಳಂತಿದ್ದ ಬಿರುಕುಗಳು ಯುಗಾದಿಯ ವೇಳೆಗೆ ಹೇಗೆ ಬಾಯಿ ತೆರೆದಿರುತ್ತವೆಂಬುದನ್ನು. ಬೆಳೆಗೆ ತಾಯಿಯಾದ ಈ ಮಣ್ಣು ಕಟ್ಟಡಕ್ಕೂ ಕೊಳವೆಗೂ ಮಲತಾಯಿ. ವರ್ಷಕ್ಕೊಮ್ಮೆ ಎತ್ತುವುದು, ವರ್ಷಕ್ಕೊಮ್ಮೆ ಇಳಿಸುವುದು ಅದರ ನಿತ್ಯವ್ರತ. ಎಲ್ಲ ಕಡೆಯೂ ಒಂದೇ ಸಮನಾಗಿ ಎತ್ತಿ ಇಳಿಸಿದರೆ ಕೊಳವೆ ಹೇಗೋ ತಾಳಿಕೊಂಡೀತು. ಹಾಗಾಗುವುದಿಲ್ಲ. ನೀರಾವರಿಯ ಹೊಲದ ಕೆಳಗೆ ಒಂದು ಬಗೆ, ಒಣ ರಸ್ತೆಯ ಅಂಚಿನಲ್ಲಿ ಇನ್ನೊಂದು ಬಗೆ; ಎರೆ ಮುಗಿದು ಮಸಾರಿ ಹಿಡಿಯುವ ಗಡಿಯಲ್ಲಂತೂ ಕೊಳವೆಯ ಒಂದು ತುದಿ ಏಳುತ್ತದೆ, ಇನ್ನೊಂದು ತುದಿ ಇದ್ದಲ್ಲಿಯೇ ಇರುತ್ತದೆ. ಕೀಲು ಬಿಡದೆ ಏನು ಮಾಡೀತು? ಅಜ್ಜ ಹೇಳಿದ್ದೂ ಇದನ್ನೇ. ಒಮ್ಮೆ ಕೀಲು ಸೋರಿತೆಂದರೆ ಸೋರಿದ ನೀರೇ ಸುತ್ತಲಿನ ಎರೆಯನ್ನು ಮತ್ತಷ್ಟು ಉಬ್ಬಿಸುತ್ತದೆ. ಹೀಗೆ ಒಂದು ಕೇಡು ಇನ್ನೊಂದಕ್ಕೆ ಹಾದಿಯಾಗುತ್ತದೆ.

ಸೋರಿಕೆಯೆಂದರೆ ನೀರು ಹೊರಗೆ ಹೋಗುವುದು ಮಾತ್ರವಲ್ಲವೆಂಬುದನ್ನು ನಾವೂ ಆಗಲೇ ಅರಿತದ್ದು. ಹಳ್ಳಿಗಳಲ್ಲಿ ನೀರನ್ನು ದಿನವಿಡೀ ಬಿಡುವುದಿಲ್ಲ. ಒಂದೆರಡು ತಾಸು ಬಿಟ್ಟು ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಮುರಿದ ಕೀಲಿನ ಸುತ್ತ ನಿಂತ ಚರಂಡಿಯ ನೀರು ಒಳಕ್ಕೆ ಸೇರುತ್ತದೆ. ಮರುದಿನ ಮೊದಲು ನಳ ತಿರುಗಿಸಿದವರ ಕೊಡಕ್ಕೆ ಬೀಳುವುದು ಆ ನೀರು. ವಾಂತಿಭೇದಿಯ ಸುದ್ದಿ ಬಂದ ಮೇಲೆ ವೈದ್ಯರ ತಂಡ ಬರುತ್ತದೆ, ಗುಳಿಗೆ ಹಂಚುತ್ತಾರೆ, ಕೊಳವೆಗೆ ಪಟ್ಟಿ ಸುತ್ತುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ!

ಹಾಗಾದರೆ ಮಣ್ಣನ್ನು ಕೇಳುವುದೆಂದರೆ ಏನು? ಎಂಜಿನಿಯರುಗಳು ಇದನ್ನು ಭೂತಾಂತ್ರಿಕ ಪರಿಶೋಧನೆ ಎನ್ನುತ್ತಾರೆ. ಹೆಸರು ಭಾರವಾದರೂ ಕೆಲಸದ ಮೊದಲ ಭಾಗ ಸರಳವೇ. ಕೊಳವೆ ಹಾಯುವ ದಾರಿಯುದ್ದಕ್ಕೂ ಅಲ್ಲಲ್ಲಿ ಪರೀಕ್ಷಾ ಗುಂಡಿಗಳನ್ನು ತೋಡಿ, ಎಷ್ಟು ಅಡಿಯವರೆಗೆ ಯಾವ ಮಣ್ಣು, ಎಲ್ಲಿ ಗರಸು, ಎಲ್ಲಿ ಬಂಡೆ, ಎಲ್ಲಿ ಒರತೆ ಎಂಬುದನ್ನು ಕಂಡು ಬರೆದುಕೊಳ್ಳುವುದು. ಪ್ರತಿಯೊಂದು ಪದರದ ಮಾದರಿಯನ್ನು ಚೀಲದಲ್ಲಿ ಕಟ್ಟಿ ಪ್ರಯೋಗಶಾಲೆಗೆ ಕಳುಹಿಸುವುದು. ಹಳ್ಳ ದಾಟುವಲ್ಲಿ, ರೈಲುದಾರಿ ಹೆದ್ದಾರಿಗಳ ಕೆಳಗೆ ನುಸುಳುವಲ್ಲಿ, ನೀರಿನ ಮೇಲ್ತೊಟ್ಟಿ ನಿಲ್ಲುವಲ್ಲಿ ಗುಂಡಿ ಸಾಲದು. ಅಲ್ಲಿ ಭೈರಿಗೆಯಿಂದ ಆಳಕ್ಕೆ ಕೊರೆಯಬೇಕು. ಕೊರೆದ ರಂಧ್ರದೊಳಗೆ ಒಂದು ಉಕ್ಕಿನ ನಳಿಕೆಯನ್ನಿಟ್ಟು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತ, ನಳಿಕೆ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಮೊದಲ 15 ಸೆಂಟಿಮೀಟರಿನ ಪೆಟ್ಟುಗಳನ್ನು ಬಿಟ್ಟು ಮುಂದಿನ 30ರ ಪೆಟ್ಟುಗಳನ್ನು ಕೂಡಿಸಿದರೆ ಬರುವ ಸಂಖ್ಯೆಯಿಂದ ಆ ಆಳದ ಮಣ್ಣಿನ ಗಟ್ಟಿತನ ತಿಳಿಯುತ್ತದೆ. ವೈದ್ಯರು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ನೋಡುವುದಿಲ್ಲವೆ, ಹಾಗೆ.

ಕಬ್ಬಿಣದ ಕೊಳವೆಯಾದರೆ ಇನ್ನೊಂದು ಪರೀಕ್ಷೆ ಆಗಬೇಕು. ನಾಲ್ಕು ಸಲಾಕೆಗಳನ್ನು ಒಂದೇ ಸಾಲಿನಲ್ಲಿ ಸಮದೂರಕ್ಕೆ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜನ್ನು ಅಳೆದರೆ ಮಣ್ಣು ವಿದ್ಯುತ್ತನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂಬುದು ಗೊತ್ತಾಗುತ್ತದೆ. ಫ್ರಾಂಕ್ ವೆನ್ನರ್ ಎಂಬುವರು 1915ರಲ್ಲಿ ಬರೆದಿಟ್ಟ ಕ್ರಮವಿದು. ತಡೆ ಕಡಿಮೆಯಿದ್ದಷ್ಟೂ ಕಬ್ಬಿಣಕ್ಕೆ ತುಕ್ಕಿನ ಭಯ ಹೆಚ್ಚು. ಒದ್ದೆಯಾದ ಎರೆಯಲ್ಲಿ, ಸವಳು ನೆಲದಲ್ಲಿ ಈ ತಡೆ ಬಹಳ ಕಡಿಮೆ. ಮೊದಲೇ ತಿಳಿದರೆ ಕೊಳವೆಗೆ ಪಾಲಿಥೀನಿನ ತೋಳು ತೊಡಿಸಬಹುದು, ಇಲ್ಲವೆ ಬೇರೆ ಜಾತಿಯ ಕೊಳವೆಯನ್ನೇ ಆರಿಸಬಹುದು. ಹತ್ತು ವರ್ಷದ ಮೇಲೆ ತಿಳಿದರೆ ಮಾಡತಕ್ಕದ್ದೇನು?

ಎರೆಯೊಂದೇ ಸಮಸ್ಯೆಯೆಂದು ಯಾರೂ ತಿಳಿಯಬಾರದು. ನಮ್ಮ ಶಾಲೆಯ ಮಕ್ಕಳ ತಾಯ್ತಂದೆಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರೇ ಬಹುಮಂದಿ. ಅವರ ಊರಿನ ನೆಲದ ಮೇಲ್ಪದರ ಮುರಕಲ್ಲು. ಕೊಡಲಿಯಿಂದ ಕಡಿದು ಮನೆ ಕಟ್ಟುವಷ್ಟು ನಂಬಿಕಸ್ಥ. ಆದರೆ ಅದರ ಕೆಳಗೆ ಅನೇಕ ಕಡೆ ಶೇಡಿಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ಮಳೆನೀರು ಸೇರಿದೊಡನೆ ಬೆಣ್ಣೆಯಂತೆ ಜಾರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕೊಳವೆಗೆಂದು ಮುರಕಲ್ಲನ್ನು ಸೀಳಿ, ಶೇಡಿಯನ್ನು ಬಯಲಿಗೆ ಹಾಕಿ, ಆಷಾಢದ ಮಳೆಗೆ ಒಡ್ಡಿದರೆ ಕೊಳವೆಯೊಂದಿಗೆ ಗುಡ್ಡದ ಅಂಚೂ ಕೆಳಗೆ ಬಂದೀತು. ಬಯಲುಸೀಮೆಯ ಬಂಡೆಯ ನೆಲದಲ್ಲಿ ಕಷ್ಟ ಇನ್ನೊಂದು ತೆರ. ಅಲ್ಲಿ ಕಲ್ಲು ಒಡೆಯಲಾರದೆ ಕೊಳವೆಯನ್ನು ಗೇಣುದ್ದದ ಆಳದಲ್ಲಿ ಮಲಗಿಸಿಬಿಡುತ್ತಾರೆ. ಮೇಲೆ ಟ್ರ್ಯಾಕ್ಟರು ಹಾಯುತ್ತದೆ. ಕೆಳಗೆ ಮರಳಿನ ಹಾಸಿಲ್ಲದೆ ಚೂಪುಕಲ್ಲಿನ ಮೇಲೆಯೇ ಇಟ್ಟ ಪ್ಲಾಸ್ಟಿಕ್ ಕೊಳವೆ ಎಷ್ಟು ದಿನ ಬಾಳೀತು?

ಕೊಳವೆ ತಿರುಗುವ ಎಡೆಯಲ್ಲಿ ಮಣ್ಣಿನ ಮೇಲೆ ಬೀಳುವ ಬಲದ ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವದು. 30 ಸೆಂಟಿಮೀಟರ್ ವ್ಯಾಸದ ಕೊಳವೆ. ಒಳಗೆ ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡ, ಎಂದರೆ ನೂರು ಮೀಟರ್ ಎತ್ತರದ ನೀರಿನ ಕಂಬದ ಭಾರ. ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ಲಂಬಕೋನದ ತಿರುವಿನಲ್ಲಿ ನೀರು ಕೊಳವೆಯನ್ನು ಹೊರಕ್ಕೆ ನೂಕುವ ಬಲ ಸುಮಾರು 10,000 ಕಿಲೋ! ಹತ್ತು ಟನ್ನಿನ ಈ ನೂಕನ್ನು ತಡೆಯಲೆಂದು ತಿರುವಿನ ಬೆನ್ನಿಗೆ ಕಾಂಕ್ರೀಟಿನ ದಿಮ್ಮಿಯನ್ನು ಕಟ್ಟುತ್ತಾರೆ. ದಿಮ್ಮಿ ಆ ಬಲವನ್ನು ತನ್ನ ಹಿಂದಿನ ಮಣ್ಣಿಗೆ ದಾಟಿಸುತ್ತದೆ. ಆ ಮಣ್ಣು ಮೆದುವಾಗಿದ್ದರೆ ದಿಮ್ಮಿ ಸಮೇತ ಕೊಳವೆ ಜರುಗುತ್ತದೆ. ಲಕ್ಷ ಲೀಟರಿನ ಮೇಲ್ತೊಟ್ಟಿಯ ಕಥೆಯೂ ಅದೇ. ನೀರೊಂದೇ ನೂರು ಟನ್ನು. ತೊಟ್ಟಿಯ ಮೈಭಾರ ಬೇರೆ. ನಾಲ್ಕಾರು ಕಾಲುಗಳ ಮೇಲೆ ನಿಂತ ಆ ಭಾರದ ಕೆಳಗೆ ಶಾಲೆಯ ಮೈದಾನವೂ ಅಂಗನವಾಡಿಯೂ ಇರುವ ಊರುಗಳನ್ನು ನಾವು ನೋಡಿದ್ದೇವೆ.

ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಕಂದಕದೊಳಗೆ ಇಳಿದು ಕೊಳವೆ ಜೋಡಿಸುವವನು ಒಬ್ಬ ಕೂಲಿಕಾರ. ಮಣ್ಣಿನ ಒಂದು ಘನ ಮೀಟರ್ ಎರಡು ಟನ್ನಿಗೆ ಹತ್ತಿರ ತೂಗುತ್ತದೆ. ಒಣಗಿದ ಎರೆಯ ಗೋಡೆ ಬೆಳಗ್ಗೆ ಕಡಿದಾಗ ಕಲ್ಲಿನಂತೆ ನೆಟ್ಟಗೆ ನಿಂತಿರುತ್ತದೆ. ಒಳಗಿನ ಬಿರುಕುಗಳ ಗುಂಟ ಮಧ್ಯಾಹ್ನಕ್ಕೆ ಹಲಗೆಹಲಗೆಯಾಗಿ ಕಳಚಿಬೀಳಬಹುದು. ಒಂದೂವರೆ ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಆಸರೆ ಕೊಡಬೇಕೆಂಬ ನಿಯಮವಿದೆ. ಆದರೆ ಎಲ್ಲಿ ಗೋಡೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಮೊದಲೇ ಹೇಳಬಲ್ಲದ್ದು ಆ ಪರೀಕ್ಷಾ ಗುಂಡಿಯೊಂದೇ. ಗುಂಡಿ ತೋಡದೆ ಕಂದಕ ತೋಡಿದರೆ ಮೊದಲ ಪರೀಕ್ಷೆ ಆ ಕೂಲಿಕಾರನ ಮೈಮೇಲೆಯೇ ನಡೆಯುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳಬೇಕಷ್ಟೆ. ಹಳ್ಳಿಯ ಕೊಳವೆ ಸೇತುವೆಯಲ್ಲ, ಅಣೆಕಟ್ಟಲ್ಲ. ಇಷ್ಟೊಂದು ಶೋಧ ಅದಕ್ಕೇಕೆ ಎನ್ನುತ್ತಾರೆ. ಬಾಗಿ ಬಳುಕುವ ಪಾಲಿಥೀನ್ ಕೊಳವೆ ಮಣ್ಣಿನ ಏರಿಳಿತವನ್ನು ಸಹಿಸುತ್ತದೆ ಎನ್ನುತ್ತಾರೆ. ಇದು ಒಪ್ಪತಕ್ಕ ಮಾತೇ. ಆದರೆ ಕೊಳವೆ ಬಳುಕಿದರೂ ಅದು ಸೇರುವ ಕವಾಟದ ಪೆಟ್ಟಿಗೆ ಬಳುಕುವುದಿಲ್ಲ, ತೊಟ್ಟಿ ಬಳುಕುವುದಿಲ್ಲ. ಮುರಿಯುವುದು ಅವು ಸೇರುವ ಕೀಲಿನಲ್ಲಿ. ಮೂರನೆಯ ಮಾತು ಅವಸರದ್ದು. 2019ರ ಆಗಸ್ಟ್ 15ರಂದು ಜಲಜೀವನ ಯೋಜನೆಯ ಘೋಷಣೆಯಾದಾಗ ದೇಶದ 3.23 ಕೋಟಿ ಗ್ರಾಮೀಣ ಮನೆಗಳಲ್ಲಿ ಮಾತ್ರ ನಳವಿತ್ತು. ಇಂದು ಆ ಸಂಖ್ಯೆ 15 ಕೋಟಿಯನ್ನು ಮೀರಿದೆ. ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಅಂದದ ಹೆಸರನ್ನೂ ಇಟ್ಟರು. ಇಷ್ಟು ಬೇಗ ಇಷ್ಟು ಮನೆಗಳಿಗೆ ಕೊಳವೆ ಮುಟ್ಟಿಸಿದ್ದು ಸಣ್ಣ ಸಾಹಸವಲ್ಲ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. 2024ಕ್ಕೆ ಮುಗಿಯಬೇಕಾಗಿದ್ದ ಅವಧಿಯನ್ನು 2028ರವರೆಗೆ ವಿಸ್ತರಿಸಲಾಗಿದೆಯಷ್ಟೆ. ಆ ವಿಸ್ತರಿಸಿದ ಅವಧಿಯೊಳಗೆ ಗುಂಡಿ ತೋಡಲು ಒಂದು ವಾರ ಸಿಗದೆ? ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರೆಂಬುದು ಯೋಜನೆಯ ಮಾತು. ಮೂರು ಸಾವಿರ ಜನರ ಊರಿಗೆ ಅದು ದಿನವೂ 1,65,000 ಲೀಟರ್. ನಳ ಎಣಿಸಿದರೆ ಲೆಕ್ಕ ಮುಗಿಯದು. ಆ ಲೀಟರುಗಳನ್ನೂ ಎಣಿಸಬೇಕು.

ಖರ್ಚಿನ ಮಾತಿಗೆ ನಮ್ಮ ಹಳೆಯ ವಿದ್ಯಾರ್ಥಿ ನಕ್ಕುಬಿಟ್ಟರು. ಒಂದು ಗುಂಡಿಯೆಂದರೆ ಇಬ್ಬರು ಆಳುಗಳ ಒಂದು ದಿನದ ಕೂಲಿ. ಹನ್ನೆರಡು ಕಿಲೋಮೀಟರಿನ ದಾರಿಯಲ್ಲಿ ಅರ್ಧ ಕಿಲೋಮೀಟರಿಗೊಂದರಂತೆ ತೋಡಿದರೂ ಇಪ್ಪತ್ತೈದು ಗುಂಡಿ. ಮಣ್ಣು ಬದಲಾಗುವ ಎಡೆಗಳಿಗೆಂದು ಇನ್ನೈದು ಸೇರಿಸಿರಿ. ಆ ಊರಿನಲ್ಲಿ ಮೂರು ಸಲ ಕೊಳವೆ ಅಗೆದು ಸರಿಪಡಿಸಿದ್ದಕ್ಕೂ, ಅಷ್ಟು ದಿನ ಟ್ಯಾಂಕರು ಓಡಿಸಿದ್ದಕ್ಕೂ ಆದ ವೆಚ್ಚದ ಮುಂದೆ ಇದು ಯಾವ ಲೆಕ್ಕ! ಅವರು ಇನ್ನೊಂದು ಗುಟ್ಟನ್ನೂ ಹೇಳಿದರು. ಮಣ್ಣು ಅಗೆಯುವುದಕ್ಕೆ ಒಂದು ದರ, ಬಂಡೆ ಒಡೆಯುವುದಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ದರ. ಮೊದಲು ಪರಿಶೋಧನೆ ನಡೆಯದಿದ್ದರೆ ದಾರಿಯಲ್ಲಿ ಬಂಡೆ ಎಷ್ಟಿತ್ತೆಂಬುದು ಕಂದಕ ಮುಚ್ಚಿದ ಮೇಲೆ ಬರಿಯ ಬಾಯಿಮಾತಾಗುತ್ತದೆ. ಪ್ರಾಮಾಣಿಕ ಗುತ್ತಿಗೆದಾರನಿಗೆ ನ್ಯಾಯವಾದ ಹಣ ಸಿಗುವುದಿಲ್ಲ, ಅಪ್ರಾಮಾಣಿಕನಿಗೆ ಇಲ್ಲದ ಬಂಡೆಯ ಹಣವೂ ಸಿಗುತ್ತದೆ. ಗುಂಡಿಯ ದಾಖಲೆ ಇಬ್ಬರನ್ನೂ ಅವರವರ ಸ್ಥಾನದಲ್ಲಿ ನಿಲ್ಲಿಸುತ್ತದೆ. ಪರಿಶೋಧನೆ ಕೆಲವರಿಗೆ ಬೇಡವಾಗಿರುವುದು ಖರ್ಚಿನಿಂದಲೋ ಇದರಿಂದಲೋ, ವಾಚಕರೇ ಊಹಿಸಲಿ.

ಎರೆಯ ಮುಂದೆ ಕೈಚೆಲ್ಲಿ ಕೂಡಬೇಕಾದ ಕಾಲವೂ ಇದಲ್ಲ. ಇದೇ ಮುಂಬಯಿಯ ಪೊವಾಯಿಯಲ್ಲಿರುವ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಉಬ್ಬರವನ್ನು ವರ್ಷಗಟ್ಟಲೆ ಅಭ್ಯಸಿಸಿ, ಉಬ್ಬದ ಸ್ವಭಾವದ ಆದರೆ ಅಂಟುಳ್ಳ ಬೇರೆ ಮಣ್ಣಿನ ಪದರವೊಂದನ್ನು ಎರೆಯ ಮೇಲೆ ತಕ್ಕ ದಪ್ಪದಲ್ಲಿ ಹಾಸಿದರೆ ಉಬ್ಬರ ಅಡಗುತ್ತದೆಂದು ತೋರಿಸಿಕೊಟ್ಟರು. ಕರ್ನಾಟಕದ ಮಲಪ್ರಭಾ ಕಾಲುವೆಯಲ್ಲಿ ಅದನ್ನು ಪ್ರಯೋಗಿಸಿದರು; ಎರೆಯ ನೆಲದಲ್ಲಿ ಕಾಲುವೆಗೆ ಒಳಮೈ ಕಟ್ಟುವ ಭಾರತೀಯ ಮಾನಕದೊಳಗೂ ಆ ಕ್ರಮ ಸೇರಿತು. ಕೊಳವೆಯ ಸುತ್ತ ಎರೆಯನ್ನೇ ತಿರುಗಿ ತುಂಬದೆ ಗರಸು, ಮರಳುಗಳನ್ನು ಹಾಸಿ ಮುಚ್ಚುವುದು, ಎರೆ-ಮಸಾರಿಗಳ ಗಡಿಯಲ್ಲಿ ಅತ್ತಿತ್ತ ಅಲುಗಲು ಎಡೆಯುಳ್ಳ ಕೀಲನ್ನಿಡುವುದು, ಇವೆಲ್ಲ ಬಲ್ಲವರಿಗೆ ಗೊತ್ತಿರುವ ಉಪಾಯಗಳೇ. ಹಳೆಯ ಬಿಜಾಪುರದವರೂ ಕಡಿಮೆಯವರಾಗಿರಲಿಲ್ಲ. ಆದಿಲಶಾಹಿಯ ಕಾಲದಲ್ಲಿ ಬೇಗಂ ತಲಾಬಿನ ನೀರನ್ನು ಊರಿಗೆ ತಂದ ಮಣ್ಣಿನ ಕೊಳವೆಗಳನ್ನು ಕಲ್ಲುಗಾರೆಯ ಕವಚದೊಳಗೆ ಹೂಳಿದ್ದರು. ಒತ್ತಡವನ್ನು ತಗ್ಗಿಸಲು, ಕೆಸರು ತಳಕ್ಕಿಳಿಯಲು ನಡುನಡುವೆ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿದ್ದರು. ಮದುವೆಯಿಂದ ಮರಳುವಾಗ ಅಂಥ ಒಂದು ಗಂಜನ್ನು ಕಂಡೆವು. ಇಂದಿನ ಅಂಗಡಿಸಾಲುಗಳ ನಡುವೆ ಅದಿನ್ನೂ ನಿಂತಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಯಾವ ಹಳ್ಳಿಗೇ ಆಗಲಿ ಕುಡಿಯುವ ನೀರಿನ ಕೊಳವೆ ಹಾಕುವ ಮುನ್ನ, ದಾರಿಯುದ್ದಕ್ಕೂ ಗುಂಡಿ ತೋಡಿ ಮಣ್ಣನ್ನು ಪರೀಕ್ಷಿಸದೆ ಅಂದಾಜುಪಟ್ಟಿಗೆ ಮಂಜೂರಾತಿ ಕೊಡಕೂಡದು. ಗುಂಡಿ ಎಲ್ಲಿ ತೋಡಬೇಕೆಂಬುದನ್ನು ಪಟ್ಟಣದ ಕಚೇರಿಯ ನಕ್ಷೆಯೊಂದೇ ನಿರ್ಧರಿಸಬಾರದು. ಆ ಹೊಲ ಉತ್ತವರನ್ನೂ, ಊರಿನ ಬಾವಿ ತೋಡಿದವರನ್ನೂ ಕರೆದು ಕೇಳಬೇಕು. ಅವರ ಮಾತೇ ಶಾಸ್ತ್ರವೆಂದು ನಾವು ಹೇಳುತ್ತಿಲ್ಲ. ಎರೆ ಏಳುತ್ತದೆಂದು ಅಜ್ಜನಿಗೆ ಗೊತ್ತು, ಎಷ್ಟು ಏಳುತ್ತದೆಂಬುದನ್ನು ಅಳೆದು ಹೇಳಬೇಕಾದವರು ಎಂಜಿನಿಯರುಗಳು. ಆದರೆ ಎಲ್ಲಿ ಅಳೆಯಬೇಕೆಂಬುದನ್ನು ಅಜ್ಜನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇದಕ್ಕಿಂತ ಮುಖ್ಯವಾದದ್ದು, ಆ ಪರಿಶೋಧನೆಯ ವರದಿ ಕನ್ನಡದಲ್ಲಿ ಇರಬೇಕು; ಅದರ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಉಳಿಯಬೇಕು. ಮಣ್ಣು ಪರೀಕ್ಷೆಯೆಂದರೆ ಗೊಬ್ಬರದ ಲೆಕ್ಕವೆಂದಷ್ಟೇ ಇಂದಿನ ರೈತ ತಿಳಿದಿದ್ದರೆ, ಕೊಳವೆಯ ಮಣ್ಣುಪರೀಕ್ಷೆಯ ಕಾಗದವನ್ನು ಅವನೆಂದೂ ಕಂಡಿಲ್ಲದಿರುವುದೇ ಕಾರಣ. ವರದಿ ಎಲ್ಲಿಯಾದರೂ ಇದ್ದರೆ ಅದು ಇಂಗ್ಲಿಷಿನಲ್ಲಿ, ಜಿಲ್ಲಾ ಕಚೇರಿಯ ಕಪಾಟಿನಲ್ಲಿ. ಮುಂದೆ ಕೊಳವೆ ಮುರಿದಾಗ ದುರಸ್ತಿಗೆ ಇಳಿಯುವವನು ಊರಿನ ನೀರುಗಂಟಿ. ಕಪಾಟಿನ ಇಂಗ್ಲಿಷ್ ಕಾಗದ ಅವನ ಕೈಗೆ ಹೇಗೆ ಬಂದೀತು? ‘ಇಂಥ ಹೊಲದ ಬದುವಿನಿಂದ ಮೂಡಲಿಗೆ ಇಪ್ಪತ್ತು ಮಾರು: ಮೇಲೆ ನಾಲ್ಕಡಿ ಎರೆ, ಕೆಳಗೆ ಗರಸು, ನೀರಿಲ್ಲ’ ಎಂದು ಬರೆಯಲು ಯಾವ ಪಾರಿಭಾಷಿಕ ಪದಕೋಶವೂ ಬೇಡ. ಎರೆ, ಮಸಾರಿ, ಗರಸು, ಸವಳು, ಮುರಕಲ್ಲು, ಶೇಡಿ — ಮಣ್ಣಿನ ಜಾತಿಗಳಿಗೆ ನಮ್ಮ ಭಾಷೆಯಲ್ಲಿ ಹೆಸರಿನ ಬರವೆಲ್ಲಿದೆ? ದೂರದ ಮುಂಬಯಿಯಲ್ಲಿ ಕುಳಿತು, ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವ ನಮಗೆ ಇದು ಬರಿಯ ಅಭಿಮಾನದ ಮಾತಲ್ಲ. ಈ ಭಾಷೆಯಲ್ಲಿ ಒಂದು ಗುಂಡಿಯ ಲೆಕ್ಕವನ್ನು ಬರೆದಿಡಲಾಗದೆಂದರೆ ನಾವು ತರಗತಿಯಲ್ಲಿ ಮಾಡುತ್ತಿರುವುದಾದರೂ ಏನು?

ಬರಿಯ ಮಾತಾಗಬಾರದೆಂದು ನಾವೊಂದು ಸಣ್ಣ ಕೆಲಸವನ್ನೂ ಮಾಡಿದೆವು. ಆ ಗುಂಡಿಯ ಎರೆಯನ್ನು ಒಂದು ಚೀಲದಲ್ಲಿ ತಂದಿದ್ದೆವು. ಅದನ್ನು ಒಣಗಿಸಿ, ಕುಟ್ಟಿ, ನುಣ್ಣನೆಯ ಜರಡಿಯಲ್ಲಿ ಜಾಲಿಸಿ, ಹತ್ತು ಹತ್ತು ಗ್ರಾಮಿನ ಎರಡು ಪಾಲು ಮಾಡಿ, ನೂರು ಮಿಲಿಲೀಟರಿನ ಎರಡು ಅಳತೆಯ ಜಾಡಿಗಳಲ್ಲಿ ಹಾಕಿದೆವು. ಒಂದಕ್ಕೆ ಬಟ್ಟಿ ಇಳಿಸಿದ ನೀರು; ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ; ಆದುದರಿಂದ ಎರಡರ ಅಂತರವೇ ಮಣ್ಣಿನ ಉಬ್ಬರದ ಅಳತೆ. ಭಾರತೀಯ ಮಾನಕದಲ್ಲಿ ಹೇಳಿದ ಪರೀಕ್ಷೆಯೇ ಇದು. ಜರಡಿಯನ್ನು ಹಳೆಯ ವಿದ್ಯಾರ್ಥಿ ಒದಗಿಸಿದರು. ಈಗಿನ ಮುಂಬಯಿಯಲ್ಲಿ ಒಂದು ಬಾಟಲಿ ಸೀಮೆಎಣ್ಣೆ ಸಂಪಾದಿಸುವುದೇ ಪರೀಕ್ಷೆಗಿಂತ ಕಠಿಣವಾಯಿತೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ. ಇಪ್ಪತ್ತನಾಲ್ಕು ತಾಸಿನ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಸುತ್ತ ನೆರೆದು ಓದಿದರು: ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿಲೀಟರಿನ ಗೆರೆಯಲ್ಲಿತ್ತು, ನೀರಿನಲ್ಲಿ 18ರ ಗೆರೆಗೆ ಏರಿತ್ತು. ನೂರಕ್ಕೆ ಎಂಬತ್ತರ ಉಬ್ಬರ. ಐವತ್ತು ದಾಟಿದರೆ ಅಪಾಯದ ಮಣ್ಣೆಂದು ಎಣಿಸುತ್ತಾರಂತೆ.

ಆ ಅಂಕಿಗಳನ್ನು ಕನ್ನಡದಲ್ಲಿ ಬರೆದು, ಮಕ್ಕಳೆಲ್ಲ ಸಹಿ ಮಾಡಿ, ಊರಿನ ಪಂಚಾಯತಿಗೆ ಕಳುಹಿಸಿದ್ದಾರೆ. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ಪಂಚಾಯತಿಯಿಂದ ಉತ್ತರ ಬಂದಿಲ್ಲ. ಅಜ್ಜ ಮಾತ್ರ ಮೊಮ್ಮಗನ ಫೋನಿನಲ್ಲಿ ನಮ್ಮನ್ನು ಮಾತನಾಡಿಸಿದರು. “ಎರಿದು ಗೊತ್ತಿದ್ದದ್ದ ಆತು ಮಾಸ್ತರ. ಮಸಾರಿನೂ ಒಂದ ಚೀಲ ಕಳಸತೀನಿ, ಅದನ್ನೂ ಹಾಕಿ ನೋಡ್ರಿ” ಎಂದರು. ಚೀಲ ಮೊನ್ನೆ ಬಂದಿದೆ. ಸೀಮೆಎಣ್ಣೆಯನ್ನು ಹುಡುಕುತ್ತಿದ್ದೇವೆ.